ಒಗರು

ಕರುವಿಗೆ ಜ್ವರವಿರಲಿಲ್ಲ. ಥರ್ಮಾಮೀಟರನ್ನು ಹತ್ತಿಯಿಂದ ಒರೆಸಿ, ಕೊಡವಿ, ಮತ್ತೊಮ್ಮೆ ಬಾಲವೆತ್ತಿ ಇಟ್ಟು ನೋಡಿದಾಗಲೂ ಇರಲಿಲ್ಲ. ಹೊಟ್ಟೆ ತುಂಬ ಹಾಲು ಕುಡಿದು ಕಣ್ಣು ಅರೆಮುಚ್ಚಿ ಮಲಗಿದ್ದ ಆ ಪ್ರಾಣಿ, ತನಗೆ ಈ ಉಪಚಾರವೆಲ್ಲ ಯಾಕೆಂದು ತಿಳಿಯದೆ ಕತ್ತು ತಿರುಗಿಸಿ ಅವಳನ್ನು ನೋಡಿತು. ಅವಳಿಗೆ ನಾಚಿಕೆಯಾಯಿತು. ಈ ಪಶು ಸಂಶೋಧನಾ ಕೇಂದ್ರಕ್ಕೆ ವೈದ್ಯೆಯಾಗಿ ಬಂದು, ಎಲ್ಲರ ಬಾಯಲ್ಲೂ 'ಡಾಕ್ಟರಮ್ಮ' ಎನಿಸಿಕೊಂಡು, ಇಲ್ಲೇ ಕೂದಲು ನರೆಸಿಕೊಂಡವಳು ಆರೋಗ್ಯವಾಗಿದ್ದ ಕರುವೊಂದರ ಹಿಂದೆ ಅಡಗಿ ಕೂತಿದ್ದು ಇದೇ ಮೊದಲು. ಹೊರಗೆ ಯಾರೋ ಮೈಕನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ತಟ್ಟಿದ ಸದ್ದು ಅಂಗಳ ದಾಟಿ ಬಂದು ಅವಳ ಎದೆಯ ಹತ್ತಿರ ನಿಲ್ಲುತ್ತಿತ್ತು.

ಮೇವಿನವನು ಬಾಗಿಲಲ್ಲಿ ಬಂದು ನಿಂತ. ಹೊಸ ಶರ್ಟು ಹಾಕಿಕೊಂಡಿದ್ದ. ಅದರ ಕಾಲರಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

"ಡಾಕ್ಟರಮ್ಮ, ನಿಮ್ಮ ತಂಗಿ ಮೇಡಂ ನಿಮ್ಮನ್ನ ಹುಡುಕ್ತಿದಾರೆ. ಹಾಲಿನ ಒಕ್ಕೂಟದವರ ಕಾರು ಗೇಟಿಗೆ ಬಂತಂತೆ. ಅತ್ತೇನ ಒಳಗೆ ಬಿಡಬೇಕು."

"ಈ ಕರು ಬಿಟ್ಟು ಹೇಗೆ ಬರಲಿ? ಭೇದಿ ಶುರುವಾದ ಹಾಗಿದೆ."

ಅವನು ಕರುವಿನ ಹಿಂಭಾಗವನ್ನೊಮ್ಮೆ ನೋಡಿದ. ಒಣಗಿ, ಶುಚಿಯಾಗಿ ಹೊಳೆಯುತ್ತಿತ್ತು.

"ನೀನೇ ಹಗ್ಗ ಹಿಡ್ಕೊಂಡು ಹೋಗು. ದಿನಾ ಮೇವು ಹಾಕೋನು ನೀನೇ ತಾನೆ?"

"ನಾನು ಹಿಡಿದ್ರೆ ಅದು ಬರಬೇಕಲ್ಲ," ಎಂದು ಗೊಣಗಿಕೊಂಡು ಅವನು ಹೋದ. ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಕೂತಿದ್ದಳು.

ಅತ್ತೆ ಎಂದರೆ ಹಸು. ಏನು ಹಾಕಿದರೂ ಮೂಸಿ, ಮೂತಿ ತಿರುಗಿಸಿ, ಹಾಕಿದವರನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದುದರಿಂದ ಕೊಟ್ಟಿಗೆಯ ಜನ ಆ ದೊಡ್ಡ ಕಂದು ಹಸುವಿಗೆ ಆ ಹೆಸರಿಟ್ಟಿದ್ದರು. ಒಮ್ಮೆ ಅದು ಹೊಟ್ಟೆ ಉಬ್ಬರಿಸಿಕೊಂಡು ನೆಲಕ್ಕೆ ಬಿದ್ದು, ನಾಲಿಗೆ ಹೊರಚಾಚಿ, ಇನ್ನೇನು ಕತೆ ಮುಗಿಯಿತು ಅನ್ನುವಾಗ ಅವಳೇ ಗಂಟಲಿಗೆ ಕೊಳವೆ ಇಳಿಸಿ, ಗ್ಯಾಸು ಬಿಡಿಸಿ, ಇಡೀ ಮಧ್ಯಾಹ್ನ ಪಕ್ಕೆ ತಿಕ್ಕುತ್ತ ಕೂತು ಎಬ್ಬಿಸಿದ್ದಳು. ಆಮೇಲೆ ಕೆಲವು ದಿನ ಅದು ಅವಳ ಅಂಗೈಯಿಂದಲ್ಲದೆ ಬೇರೆಲ್ಲೂ ತಿನ್ನಲಿಲ್ಲ. ಈಗಲೂ ತನ್ನ ಕೊಟ್ಟಿಗೆಯಲ್ಲಾದರೆ ಯಾರು ಹಾಕಿದರೂ ಬೈದುಕೊಂಡಾದರೂ ತಿನ್ನುತ್ತದೆ. ಆದರೆ ಗಾಜಿನ ಕೋಣೆಯೊಳಗೆ ಬಿಟ್ಟರೆ ಅವಳು ಹೊರಗೆ ಕಾಣುವ ಹಾಗೆ ನಿಂತಿರಲೇಬೇಕು. ಆ ಕೋಣೆ ತಂಗಿಯದು. ಅಂದರೆ ಕೇಂದ್ರದ್ದೇ, ಆದರೆ ತಂಗಿ ಬಂದ ಮೇಲೆ ಅವಳು ಹಾಕಿದ ಯೋಜನೆಗಾಗಿ ಕಟ್ಟಿದ್ದು. ಒಂದು ಹಸು ನಿಲ್ಲುವಷ್ಟು ಜಾಗ, ಸುತ್ತ ದಪ್ಪ ಗಾಜು, ಮೇಲೊಂದು ಕೊಳವೆ. ಹಸು ಒಳಗೆ ನಿಂತು ಮೇವು ತಿಂದು ಮೆಲುಕು ಹಾಕಿ ತೇಗುತ್ತದೆ; ತೇಗಿನಲ್ಲಿ ಬರುವ ಮೀಥೇನ್ ಎಷ್ಟೆಂದು ಕೊಳವೆಯ ಆಚೆಯ ಯಂತ್ರ ಅಳೆದು ಗೋಡೆಯ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಲೋಕದ ಹಸುಗಳೆಲ್ಲ ತೇಗಿ ತೇಗಿ ಆಕಾಶ ಬಿಸಿಯಾಗುತ್ತಿದೆ ಎಂದು ಹೇಳಿದರೆ ಮೊದಲೆಲ್ಲ ಜನ ನಗುತ್ತಿದ್ದರು. ಈಗ ನಗುವುದಿಲ್ಲ. ಹಾಲು ಕೊಳ್ಳುವ ದೊಡ್ಡ ಕಂಪನಿಗಳು ಪ್ರತಿ ಲೀಟರಿನ ಹಿಂದೆ ಎಷ್ಟು ಗ್ಯಾಸಿದೆ ಎಂದು ಕೇಳಲು ಶುರುಮಾಡಿದ ಮೇಲೆ ಹಾಲಿನ ಒಕ್ಕೂಟದ ಅಧ್ಯಕ್ಷರೇ ಕಾರು ಹತ್ತಿಕೊಂಡು ತಂಗಿಯ ಗಾಜಿನ ಕೋಣೆ ನೋಡಲು ಬರುತ್ತಾರೆ.

ಬೆಳಿಗ್ಗೆ ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಂಗಿಯ ಜೊತೆ ಮಾತಾಡುತ್ತಿದ್ದಳು. ಏನಾದ್ರೂ ತಿಂದ್ಯಾ, ಖಾಲಿ ಹೊಟ್ಟೇಲಿ ಅಷ್ಟು ಜನರ ಮುಂದೆ ನಿಂತ್ರೆ ತಲೆ ಸುತ್ತುತ್ತೆ, ನಿನಗೆ ಮೊದಲಿಂದ್ಲೂ ಹಾಗೇ. ಫೋನಿಟ್ಟ ಮೇಲೆ ಇವಳ ಕಡೆ ತಿರುಗಿ, "ನೀನು ಅವಳ ಪಕ್ಕದಲ್ಲೇ ಇರು. ಇವತ್ತು ಅವಳಿಗೆ ದೊಡ್ಡ ದಿನ" ಎಂದಳು. ಅಮ್ಮ ಇದ್ದದ್ದು ಇವಳ ಮನೆಯಲ್ಲಿ. ಮಾತ್ರೆ ಕೊಡುವವಳು, ಕಾಲಿಗೆ ಎಣ್ಣೆ ಹಚ್ಚುವವಳು, ಹಲ್ಲಿನ ಸೆಟ್ಟು ಎಲ್ಲಿಟ್ಟಳೆಂದು ಹುಡುಕಿಕೊಡುವವಳು ಇವಳು. ನೀನು ತಿಂದ್ಯಾ ಎಂದು ಇವಳನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಬ್ರೆಡ್ಡಿನ ಚೂರು ಬಾಯಲ್ಲೇ ಇತ್ತು. ಈ ವಯಸ್ಸಿನಲ್ಲೂ ಇಂಥದ್ದನ್ನೆಲ್ಲ ಲೆಕ್ಕ ಇಡುತ್ತೇನಲ್ಲ ಎಂದುಕೊಂಡು ಬ್ರೆಡ್ಡನ್ನು ಟೀಯ ಜೊತೆ ನುಂಗಿದ್ದಳು. ಗೇಟಿನ ಹತ್ತಿರ ಬಂದರೆ ತಂಗಿಯ ಮುಖ ಬಾಗಿಲಗಲದ ಬಟ್ಟೆಯ ಮೇಲೆ ಗಾಳಿಗೆ ಉಬ್ಬುತ್ತ ತಗ್ಗುತ್ತ ನಗುತ್ತಿತ್ತು. ಒಳಗೆ ಮೇಜಿನ ಹತ್ತಿರ ಎಲ್ಲರ ಕೊರಳಿಗೂ ಚೀಟಿ ಹಂಚುತ್ತಿದ್ದ ಆಫೀಸಿನ ಹುಡುಗಿ ಹುಡುಕಿ ಹುಡುಕಿ ಕೊನೆಗೆ, "ನಿಮ್ಮದು ಪ್ರಿಂಟ್ ಆಗಿಲ್ಲ ಡಾಕ್ಟರಮ್ಮ, ಸದ್ಯಕ್ಕೆ ಇದು ಹಾಕ್ಕೊಳ್ಳಿ" ಎಂದು ಕೊಟ್ಟಳು. ಅದರ ಮೇಲೆ 'ಸಿಬ್ಬಂದಿ' ಎಂದಿತ್ತು. ತಪ್ಪೇನೂ ಇರಲಿಲ್ಲ. ಅವಳು ಸಿಬ್ಬಂದಿಯೇ. ಆ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ನೇರವಾಗಿ ಕರುಗಳ ಮನೆಗೆ ಬಂದು ಥರ್ಮಾಮೀಟರು ತೆಗೆದಿದ್ದಳು.

ಹಸುವಿನ ಗ್ಯಾಸು ಇಳಿಸಲು ತಂಗಿ ಮೇವಿನಲ್ಲಿ ಬೆರೆಸುವ ಎಲೆ, ಅದರ ವಿಷಯ ಅವಳದಲ್ಲವೇ? ಈ ಪ್ರಶ್ನೆ ಅವಳೊಳಗೆ ಎಷ್ಟು ಸಲ ಸುತ್ತು ಹಾಕಿತ್ತೆಂದರೆ ಅದಕ್ಕೆ ಒಂದು ದಾರಿಯೇ ಸವೆದುಹೋಗಿತ್ತು. ತಂಗಿ ಆಗ ದೂರದಲ್ಲೆಲ್ಲೋ ಓದುತ್ತಿದ್ದಳು, ರಜೆಗೆ ಬಂದಿದ್ದಳು. ತಾರಸಿಯ ಮೇಲೆ ಇಬ್ಬರೂ ಬಟ್ಟೆ ಒಣಗಿಸುತ್ತಿದ್ದರು. ಹೊದಿಕೆಯ ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ತುದಿ ತಂಗಿಯ ಕೈಯಲ್ಲಿ, ಎದುರುಬದುರು ನಿಂತು ಹಿಂಡುತ್ತಿರುವಾಗ ಇವಳು ಅಂದಿದ್ದಳು: ಆ ಬೇಲಿಯಲ್ಲಿ ಬೆಳೆಯುತ್ತಲ್ಲ, ಒಗರು ಎಲೆ, ಅದನ್ನ ತಿನ್ನೋ ಮೇಕೆಗಳಿಗೆ ಹೊಟ್ಟೆ ಉಬ್ಬರಿಸೋದೇ ಇಲ್ಲ ಕಣೆ. ಅಷ್ಟೇ. ಅಷ್ಟೇ ಅಂದಿದ್ದಳು. ಆದರೆ ವರ್ಷಗಳು ಕಳೆದ ಹಾಗೆ, ನೆನಪಿನ ತಾರಸಿಯ ಮೇಲೆ ಆ ಮಾತು ಪ್ರತಿ ಸಲವೂ ಸ್ವಲ್ಪ ಉದ್ದವಾಗುತ್ತ ಹೋಯಿತು. ಮೊದಲು ಅದಕ್ಕೊಂದು 'ಯಾಕಿರಬಹುದು' ಸೇರಿತು. ಆಮೇಲೆ 'ಹಸುವಿಗೂ ಹಾಕಿ ನೋಡಬೇಕು' ಸೇರಿತು. ತಂಗಿಯ ಹೆಸರು ಪತ್ರಿಕೆಯಲ್ಲಿ ಬಂದ ದಿನ ಆ ಮಾತಿನೊಳಗೆ 'ಮೀಥೇನ್' ಎಂಬ ಶಬ್ದವೂ ಬಂದು ಕೂತಿತು. ಆ ಶಬ್ದವನ್ನು ತಾನು ಅವತ್ತು ಬಾಯಿಂದ ಆಡಿಯೇ ಇರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನೆನಪಿನಲ್ಲಿ ತಂಗಿ ಹೊದಿಕೆಯ ಆಚೆ ತುದಿಯಲ್ಲಿ ಕಣ್ಣರಳಿಸಿ, ಕಳ್ಳಿಯ ಹಾಗೆ, ಆ ಶಬ್ದವನ್ನು ಬಾಚಿಕೊಳ್ಳುತ್ತಿದ್ದಳು.

ಅದಾದ ಮೇಲೆ ತಂಗಿ ಪಟ್ಟ ಪಾಡನ್ನು ಅವಳು ನೋಡಿಲ್ಲವೆಂದಲ್ಲ. ಎಲೆ ಒಣಗಿಸಿ, ಪುಡಿ ಮಾಡಿ, ಹಿಂಡಿಯಲ್ಲಿ ಕಲಸಿ ಹಾಕಿದರೆ ಹಸುಗಳು ಮೂಸಿ ನೋಡಿ ಹಿಂದೆ ಸರಿದವು. ಒಗರು ಹೆಚ್ಚಾದರೆ ತಿನ್ನುವುದಿಲ್ಲ, ಕಡಿಮೆಯಾದರೆ ಗ್ಯಾಸು ಇಳಿಯುವುದಿಲ್ಲ. ಒಮ್ಮೆ ಒಂದು ಗುಂಪಿನ ಹಸುಗಳೆಲ್ಲ ಹಾಲು ಕಡಿಮೆ ಮಾಡಿ, ಕೇಂದ್ರದ ನಿರ್ದೇಶಕರು ತಂಗಿಯನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದರು. ಆ ಸಂಜೆ ತಂಗಿ ಇವಳ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮಂಚದ ಮೇಲೆ ಬೋರಲು ಬಿದ್ದುಕೊಂಡಿದ್ದಳು. ಇವಳು ಚಪ್ಪಲಿ ಕಳಚಿ, ತಲೆ ನೇವರಿಸಿ, ಟೀ ಮಾಡಿಕೊಟ್ಟು, ಎಲ್ಲ ಸರಿಹೋಗುತ್ತೆ ಬಿಡೆ ಎಂದಿದ್ದಳು. ಬಾಯಿಮಾತಿಗೆ ಅಂದದ್ದಲ್ಲ, ಮನಸ್ಸಿನಿಂದಲೇ ಅಂದಿದ್ದಳು. ಸೋತ ತಂಗಿಯನ್ನು ಪ್ರೀತಿಸುವುದು ಎಷ್ಟು ಸುಲಭವಾಗಿತ್ತು! ಆ ವರ್ಷಗಳಲ್ಲಿ ತನ್ನಂಥ ಅಕ್ಕ ಲೋಕದಲ್ಲೇ ಇಲ್ಲವೆಂದು ಅವಳಿಗೇ ಅನ್ನಿಸುತ್ತಿತ್ತು. ಪುಡಿಯನ್ನು ಬೆಲ್ಲದ ನೀರಿನಲ್ಲಿ ನೆನೆಸಿ ಸಣ್ಣ ಉಂಡೆ ಮಾಡಿ ಹಾಕುವ ಉಪಾಯ ಫಲಿಸಿ, ಹಸುಗಳು ತಿಂದು, ಗ್ಯಾಸು ಕಡಿಮೆಯಾಗಿ, ಹಾಲು ಕಡಿಮೆಯಾಗದೆ ಉಳಿದ ದಿನ ತಂಗಿ ಕಾರಿಡಾರಿನಲ್ಲಿ ಓಡಿಬಂದು ತಬ್ಬಿಕೊಂಡಾಗ, ಇವಳ ಕೈಗಳು ಮೇಲೇಳಲು ಒಂದು ಕ್ಷಣ ತಡಮಾಡಿದವು. ಆ ಒಂದು ಕ್ಷಣ ತಂಗಿಗೆ ತಿಳಿಯಿತೋ ಇಲ್ಲವೋ. ಇವಳಿಗೆ ಇವತ್ತಿಗೂ ತಿಳಿಯುತ್ತಿತ್ತು.

ಮೇವಿನವನು ಮತ್ತೆ ಬಾಗಿಲಲ್ಲಿ ಕಾಣಿಸಿಕೊಂಡ. ಹೊಸ ಶರ್ಟಿನ ತೋಳಿಗೆ ಸಗಣಿ ಹತ್ತಿತ್ತು.

"ಹೋಯ್ತು ಡಾಕ್ಟರಮ್ಮ! ಮೊದಲು ಒಂದು ಹೆಜ್ಜೆ ಇಡಲ್ಲ ಅಂತು. ಆಮೇಲೆ ಮೇಡಮ್ಮೇ ಬಂದು ಹಿಂದಿನಿಂದ ತಟ್ಟಿದ್ರು. ಏನನ್ನಿಸ್ತೋ ಏನೋ, ಸುಮ್ನೆ ಒಳಗೆ ಹೋಯ್ತು. ಬಾಗಿಲು ಹಾಕಿದೀವಿ. ಗೆರೆ ಬರ್ತಿದೆ."

"ಹೋಯ್ತಾ?"

"ಹೂಂ. ನೀವು ಸುಮ್ನೆ ಟೆನ್ಷನ್ ಮಾಡ್ಕೊಬೇಡಿ ಅಂತ ಹೇಳೋಕೆ ಬಂದೆ. ಕರು ನೋಡ್ಕೊಳ್ಳಿ. ನಾನು ಟೀ ಕೊಡೋಕೆ ಹೋಗ್ಬೇಕು."

ಅವನು ಹೋದ ಮೇಲೆ ಅವಳು ಥರ್ಮಾಮೀಟರನ್ನು ಪೆಟ್ಟಿಗೆಯೊಳಗಿಟ್ಟಳು. ಏನು ಬಯಸಿದ್ದಳು? ಅತ್ತೆ ಬಾಗಿಲಲ್ಲೇ ಕಾಲೂರಿ ನಿಂತು, ಎಳೆದರೂ ತಳ್ಳಿದರೂ ಕದಲದೆ, ಎಲ್ಲರೆದುರಿಗೆ ಸಗಣಿ ಹಾಕಿ, ಅಧ್ಯಕ್ಷರು ಗಡಿಯಾರ ನೋಡಿಕೊಂಡು, ತಂಗಿ ಕೆಂಪು ಮುಖ ಮಾಡಿಕೊಂಡು, ಅಕ್ಕನನ್ನು ಕರೀರಿ, ಅಕ್ಕ ಎಲ್ಲಿ, ಎಂದು ಕೂಗಬೇಕಿತ್ತು. ಆಗ ತಾನು ಅವಸರವಿಲ್ಲದೆ, ಕೈ ಒರೆಸಿಕೊಳ್ಳುತ್ತ, ಅಂಗಳ ದಾಟಿ ಬರಬೇಕಿತ್ತು. ಅತ್ತೆ ತನ್ನನ್ನು ನೋಡಿ ಕಿವಿ ಮುಂದೆ ಮಾಡಬೇಕಿತ್ತು. ಅಷ್ಟೇ ಬಯಸಿದ್ದು, ಬಹಳ ಕೆಟ್ಟದ್ದೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅತ್ತೆ ಒಳಗೆ ಹೋಗಿತ್ತು. ತಂಗಿಯ ಕೈ ತಟ್ಟಿದ್ದಕ್ಕೆ ಹೋಗಿತ್ತು. ಅವಳಿಲ್ಲದೆಯೂ ಎಲ್ಲ ನಡೆಯುತ್ತದೆ ಎಂಬುದು ಹಸುವಿನ ಬಾಯಿಂದಲೇ ಬಂದ ಹಾಗಾಗಿ, ಮೈಕಿನಲ್ಲಿ ಚಪ್ಪಾಳೆಯ ಸದ್ದು ಕೇಳಿದಾಗ ತಡೆಯಲಾರದೆ ಎದ್ದಳು.

ಪರದೆ ಇದ್ದ ಕೋಣೆ ತುಂಬಿತ್ತು. ಬಾಗಿಲ ಹತ್ತಿರ ಟೀ ಟ್ರೇ ಹಿಡಿದು ನಿಂತಿದ್ದ ಮೇವಿನವನ ಭುಜದ ಮೇಲಿಂದ ಇಣುಕಿದಳು. ಗೋಡೆಯ ಮೇಲೆ ಎರಡು ಗೆರೆ. ಮೇಲಿನದು, ಕಂದು, ಎಲೆ ಹಾಕದೆ ಹಿಂದೊಮ್ಮೆ ಇದೇ ಅತ್ತೆಯನ್ನು ಅಳೆದದ್ದು; ಉಬ್ಬುತ್ತ ತಗ್ಗುತ್ತ ಗುಡ್ಡದ ಸಾಲಿನ ಹಾಗಿತ್ತು. ಕೆಳಗಿನದು, ಹಸಿರು, ಇವತ್ತಿನದು. ಅದು ನೆಲಕ್ಕೆ ಅಂಟಿಕೊಂಡ ಹಾಗೆ ಮಲಗಿತ್ತು. ಇಷ್ಟು ಕೆಳಗೆ ಯಾವ ಪ್ರಯೋಗದಲ್ಲೂ ಬಂದಿರಲಿಲ್ಲ. ಅಧ್ಯಕ್ಷರು, ದಪ್ಪ ಕನ್ನಡಕದ ಅಗಲ ಮನುಷ್ಯ, ಕುರ್ಚಿಯಿಂದ ಎದ್ದೇ ನಿಂತಿದ್ದರು. "ಇದು ಅದ್ಭುತ. ನಾವು ಇಷ್ಟು ನಿರೀಕ್ಷೆ ಮಾಡಿರ್ಲಿಲ್ಲ. ಇನ್ನು ಯೋಚನೆ ಮಾಡೋದೇನಿದೆ? ಮುಂದಿನ ತಿಂಗಳಿಂದ್ಲೇ ನಮ್ಮ ಒಕ್ಕೂಟದ ಎಲ್ಲಾ ಹಸುಗಳಿಗೂ ಇದೇ ಮೇವು. ಎಲೆ ಪ್ರಮಾಣ ಇವತ್ತು ಎಷ್ಟು ಹಾಕಿದೀರೋ ಅಷ್ಟೇ ಇರ್ಲಿ." ನಿರ್ದೇಶಕರು ನಗುತ್ತಿದ್ದರು, ಮಗುವಿನ ಹಾಗೆ. ತಂಗಿ ಪರದೆಯ ಪಕ್ಕದಲ್ಲಿ ನಿಂತು ಆ ಗೆರೆಯನ್ನು ನೋಡುತ್ತಿದ್ದಳು; ಅವಳ ಮುಖದಲ್ಲಿ ಸಂತೋಷವಿತ್ತು, ಸಂತೋಷದ ಅಡಿಯಲ್ಲೇ ಒಂದು ಗೊಂದಲವಿತ್ತು. ತಿರುಗಿದವಳು ಇವಳನ್ನು ಕಂಡಳು.

"ಅಕ್ಕಾ! ಎಲ್ಲಿ ಹೋಗಿದ್ದೆ? ಬಾ, ಬಾ ಇಲ್ಲಿ." ಜನರ ನಡುವೆ ಕೈ ಚಾಚಿ ಎಳೆದುಕೊಂಡಳು. "ಸರ್, ಇವರು ನಮ್ಮಕ್ಕ. ಇಲ್ಲಿಯ ಡಾಕ್ಟರು. ಈ ಎಲೆ ವಿಷಯ ನನಗೆ ಮೊದಲು ಹೇಳಿದ್ದೇ ಇವಳು. ನಮ್ಮ ಮನೆ ತಾರಸಿ ಮೇಲೆ, ಬಟ್ಟೆ ಹಿಂಡ್ತಾ. ಅವತ್ತು ಇವಳು ಹೇಳದೆ ಇದ್ದಿದ್ರೆ ಇದ್ಯಾವುದೂ ಇಲ್ಲ."

ಚಪ್ಪಾಳೆ ಮತ್ತೊಮ್ಮೆ ಬಿತ್ತು. ಅಧ್ಯಕ್ಷರು ಅವಳ ಕೊರಳಿನ ಚೀಟಿ ಓದಿ, ನಂತರ ಮುಖ ನೋಡಿ, ಕೈ ಮುಗಿದರು. ಇಷ್ಟು ವರ್ಷ ಉಪ್ಪು ಹಾಕಿ ಭರಣಿಯಲ್ಲಿಟ್ಟ ಹಾಗೆ ಕಾಪಾಡಿಕೊಂಡು ಬಂದಿದ್ದ ಅವಳ ದೂರು, ಒಂದೇ ಮಾತಿನಲ್ಲಿ ಅವಳ ಕೈಯಿಂದ ಹೋಯಿತು. ತಂಗಿ ಕದ್ದಿರಲಿಲ್ಲ. ಹೊದಿಕೆ, ತಾರಸಿ, ಎಲ್ಲ ಅವಳಿಗೂ ನೆನಪಿತ್ತು. ಅದೂ ಇದ್ದ ಹಾಗೆ, ಏನೂ ಸೇರಿಸದೆ. ಬರಿಗೈಯಾದವಳ ಹಾಗೆ ನಿಂತು ಅವಳು ನಕ್ಕಳು. ನಕ್ಕಾಗಲೂ ಒಳಗಿನ ಉರಿ ಆರಲಿಲ್ಲ, ಉರಿಯುವುದಕ್ಕೆ ಕಾರಣವೇ ಇಲ್ಲದೆ ಇನ್ನಷ್ಟು ಉರಿಯಿತು. ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಪರದೆಯ ಮೇಲಿಟ್ಟಳು. ಹಸಿರು ಗೆರೆ. ನೆಲಕ್ಕಂಟಿದ ಗೆರೆ. ಆಗ ಅವಳಿಗೆ ಹೊಳೆಯಿತು.

ಅತ್ತೆ ತಿಂದಿಲ್ಲ.

ಅಳೆಯುವ ಹಸುವಿಗೆ ಹಿಂದಿನ ರಾತ್ರಿಯಿಂದಲೇ ಮೇವು ನಿಲ್ಲಿಸಿರುತ್ತಾರೆ; ಹೊಟ್ಟೆಗೆ ಹೊಸದಾಗಿ ಏನೂ ಬೀಳದಿದ್ದರೆ ತೇಗಿನಲ್ಲಿ ಗ್ಯಾಸು ಎಲ್ಲಿಂದ ಬರಬೇಕು? ಮೇವಿನ ತೊಟ್ಟಿ ಇರುವುದು ಗಾಜಿನ ಕೋಣೆಯ ಆಚೆ ತುದಿಯಲ್ಲಿ, ಹಿಂದಿನ ಓಣಿಗೆ ಮುಖ ಮಾಡಿ. ಈ ಕೋಣೆಯ ಕಿಟಕಿಯಿಂದ ಕಾಣುವುದು ಹಸುವಿನ ಹಿಂಭಾಗ ಮಾತ್ರ. ತಿಂದು ಉಳಿದದ್ದನ್ನು ತೂಗುವುದು ಸಂಜೆ, ಬಾಗಿಲು ತೆಗೆದ ಮೇಲೆ. ಅಷ್ಟರಲ್ಲಿ ಇವರೆಲ್ಲ ಊಟ ಮುಗಿಸಿ, ಫೋಟೋ ತೆಗೆಸಿಕೊಂಡು, ಕಾರು ಹತ್ತಿರುತ್ತಾರೆ. ಅತ್ತೆ ಒಳಗೆ ಹೋದಾಗಿನಿಂದ ಗಾಜಿನಾಚೆ ಅವಳಿಗಾಗಿ ಕಾಯುತ್ತ ಬಾಯಿ ಮುಚ್ಚಿ ನಿಂತಿದೆ. ಇಲ್ಲಿ ಅದರ ಉಪವಾಸಕ್ಕೆ ಚಪ್ಪಾಳೆ ಬೀಳುತ್ತಿದೆ.

ಹೇಳಿಬಿಡು, ಎಂದಿತು ಮನಸ್ಸು. ಈಗಲೇ, ಇವರೆಲ್ಲರೆದುರು, ಈ ಗೆರೆ ಸುಳ್ಳು ಎಂದು ಹೇಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾಲಿಗೆಯ ಮೇಲೆ ಒಂದು ರುಚಿ ಬಂತು, ಸಿಹಿ ರುಚಿ, ಅದನ್ನು ಅವಳು ಗುರುತು ಹಿಡಿದಳು. ಸತ್ಯ ಹೇಳುವುದಕ್ಕೆ ಇಷ್ಟು ಸಿಹಿಯೇಕೆ? ತಂಗಿಯ ಮುಖ ಬಾಡುವುದನ್ನು ನೋಡುವ ಆಸೆಯಲ್ಲವೇ ಇದು? ಹಾಗಾದರೆ ಸುಮ್ಮನಿರಬೇಕು. ಸುಮ್ಮನಿದ್ದರೆ ಏನಾಗುತ್ತದೆ? ಮುಂದಿನ ತಿಂಗಳು ಇದೇ ಲೆಕ್ಕ ನಂಬಿ ಮೇವು ಹೋಗುತ್ತದೆ, ಎಲ್ಲ ಕೊಟ್ಟಿಗೆಗಳಿಗೂ. ಗೆರೆ ಹೇಳಿದಷ್ಟು ಗ್ಯಾಸು ಇಳಿಯುವುದಿಲ್ಲ. ಇನ್ನಷ್ಟು ಎಲೆ ಹಾಕಿ ನೋಡೋಣ ಎಂದು ಯಾರಾದರೂ ಹಾಕುತ್ತಾರೆ. ಒಗರಿಗೆ ಹಸುಗಳು ಮೂತಿ ತಿರುಗಿಸುತ್ತವೆ, ಹಾಲು ಇಳಿಯುತ್ತದೆ, ಬೆಳಗ್ಗೆ ಎದ್ದು ಕ್ಯಾನು ಹಿಡಿದು ಬರುವ ಹೆಂಗಸರು ಈ ಕೇಂದ್ರಕ್ಕೆ ಶಾಪ ಹಾಕುತ್ತಾರೆ. ಆಗ ತಂಗಿ ಇನ್ನೂ ಎತ್ತರದಿಂದ ಬೀಳುತ್ತಾಳೆ. ಆ ಬೀಳುವಿಕೆಯನ್ನು ಊಹಿಸಿಕೊಂಡಾಗಲೂ ನಾಲಿಗೆಯ ಮೇಲೆ ಅದೇ ಸಿಹಿ. ಹೇಳಿದರೂ ಹೊಟ್ಟೆಕಿಚ್ಚು, ಹೇಳದಿದ್ದರೂ ಹೊಟ್ಟೆಕಿಚ್ಚು. ಒಳ್ಳೆಯವಳಾಗಿ ನಿಲ್ಲಲು ಈ ಕೋಣೆಯಲ್ಲಿ ಒಂದು ಅಂಗುಲ ಜಾಗವಿಲ್ಲ ಅನ್ನಿಸಿತು. ತಂಗಿಯ ಕೈಯಿಂದ ಕೈ ಬಿಡಿಸಿಕೊಂಡು, "ಬಂದೆ" ಎಂದು ಯಾರಿಗೂ ಕೇಳದ ಹಾಗೆ ಹೇಳಿ, ಹೊರಗೆ ಬಂದಳು.

ಹಿಂದಿನ ಓಣಿಯಲ್ಲಿ ಯಾರೂ ಇರಲಿಲ್ಲ. ಫಿನಾಯಿಲು, ಬೆಲ್ಲ ಮತ್ತು ಒಣ ಎಲೆಯ ವಾಸನೆ. ಗಾಜಿನಾಚೆ ಅತ್ತೆ ತಲೆ ತಗ್ಗಿಸದೆ ನಿಂತಿತ್ತು. ತೊಟ್ಟಿಯ ಉಂಡೆಗಳ ಮೇಲೆ ಮೂತಿ ಇಟ್ಟ ಗುರುತೂ ಇರಲಿಲ್ಲ. ಅವಳು ಗಾಜಿನ ಹತ್ತಿರ ಹೋಗಿ ನಿಂತಳು. ಅವಳು ಮಾಡಿದ್ದು ಅಷ್ಟೇ. ಕರೆಯಲಿಲ್ಲ, ಗಾಜು ತಟ್ಟಲಿಲ್ಲ. ಅತ್ತೆ ದೊಡ್ಡ ಕಣ್ಣುಗಳಿಂದ ಅವಳನ್ನು ನೋಡಿತು. ಎಷ್ಟು ಹೊತ್ತು ಮಾಡಿದೆ ಎಂಬಂತೆ ಮೂಗಿನಿಂದ ಒಮ್ಮೆ ಜೋರಾಗಿ ಉಸಿರು ಬಿಟ್ಟಿತು. ಕಿವಿ ಮುಂದೆ ಮಾಡಿತು. ಆಮೇಲೆ ತಲೆ ತಗ್ಗಿಸಿ ತಿನ್ನತೊಡಗಿತು. ಹಸಿದಿತ್ತು, ಪಾಪ. ಬಾಯಿ ತುಂಬ ತಿಂದಿತು. ಬೆಳಿಗ್ಗೆಯಿಂದ ಅವಳು ಬಯಸಿದ್ದು ಇದನ್ನೇ; ಈಗ ಸಿಕ್ಕಾಗ ನೋಡಲು ಒಬ್ಬರೂ ಇರಲಿಲ್ಲ. ಅವಳು ಹಣೆಯನ್ನು ತಣ್ಣನೆಯ ಗಾಜಿಗೆ ಒತ್ತಿ ನಿಂತಳು. ಗೋಡೆಯಾಚೆ ಮಾತು, ನಗು, ಕಪ್ಪುಗಳ ಸದ್ದು. ಅತ್ತೆ ತೇಗಿತು. ಮತ್ತೆ ತಿಂದಿತು, ಮತ್ತೆ ತೇಗಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ನಗು ತೆಳ್ಳಗಾಯಿತು. ಯಾರೋ ಏನೋ ಕೇಳಿದರು. ಇನ್ನೂ ಸ್ವಲ್ಪ ಹೊತ್ತಿಗೆ ಮಾತೇ ನಿಂತಿತು.

ಓಣಿಯ ಬಾಗಿಲು ತೆರೆದು ತಂಗಿ ಬಂದಳು. ತೊಟ್ಟಿ ನೋಡಿದಳು, ಒಂದು ಮೂಲೆ ಮಾತ್ರ ಖಾಲಿಯಾಗಿತ್ತು. ತಿನ್ನುತ್ತಿದ್ದ ಹಸುವನ್ನು ನೋಡಿದಳು. ಅಕ್ಕನನ್ನು ನೋಡಿದಳು. ಅವಳ ಮುಖದಲ್ಲಿ ಒಂದೊಂದಾಗಿ ಎಲ್ಲವೂ ಕೂಡಿಕೊಳ್ಳುವುದನ್ನು ಇವಳು ಗಾಜಿನಲ್ಲಿ ಕಂಡಳು, ತಿರುಗಿ ನೋಡುವ ಧೈರ್ಯವಾಗಲಿಲ್ಲ. ತಂಗಿ ಬಂದ ಬಾಗಿಲಿನಿಂದಲೇ ಹಿಂದಿರುಗಿದಳು. ಗೋಡೆಯ ಮೂಲಕ ಅವಳ ದನಿ ಕೇಳಿಸಿತು, ಮೈಕಿಲ್ಲದೆ.

"ಕ್ಷಮಿಸಿ ಸರ್. ಹಸು ಇಷ್ಟು ಹೊತ್ತು ತಿಂದೇ ಇರ್ಲಿಲ್ಲ. ಮೊದಲು ನೋಡಿದ ಗೆರೆ ಲೆಕ್ಕಕ್ಕೆ ಬರಲ್ಲ. ಎಲೆ ಗ್ಯಾಸು ಇಳಿಸುತ್ತೆ, ಅದು ನಿಜ. ಆದ್ರೆ ನಾವು ಹಿಂದೆ ನಿಮಗೆ ಲೆಕ್ಕ ಕಳಿಸಿದ್ವಲ್ಲ, ಅಷ್ಟೇ. ಈಗ ಏರ್ತಿರೋದೇ ಸರಿಯಾದ ಗೆರೆ."

"ಅಂದ್ರೆ ಇಷ್ಟೊತ್ತು ನಾವು ಚಪ್ಪಾಳೆ ಹೊಡೆದಿದ್ದು?" ಅಧ್ಯಕ್ಷರ ದನಿ.

"ನಾನೇ ನೋಡ್ಕೊಳ್ಳಬೇಕಿತ್ತು. ತಪ್ಪು ನಂದು."

ಕುರ್ಚಿಗಳು ಸರಿದವು. ನೋಡೋಣ, ನೋಡೋಣ, ಎಂಬ ಮಾತು ಹಲವು ಸಲ ಕೇಳಿತು. ಮೊದಲು ಬೇರೆ ಕಡೆ ಪರೀಕ್ಷೆ ಮಾಡಿಸಿ, ಆಮೇಲೆ ಮಾತಾಡೋಣ. ನಿರ್ದೇಶಕರು ಬಾಗಿಲವರೆಗೂ ಏನೋ ವಿವರಿಸುತ್ತ ಹೋದರು. ಕಾರುಗಳು ಹೊರಟವು. ಊಟಕ್ಕೆ ಯಾರೂ ನಿಲ್ಲಲಿಲ್ಲ.

ತಂಗಿ ಮತ್ತೆ ಬಂದದ್ದು ಎಲ್ಲರೂ ಹೋದ ಮೇಲೆ. ಓಣಿಯಲ್ಲಿ ಎಲೆಪುಡಿಯ ಚೀಲಗಳ ಮೇಲೆ ಕೂತಳು. ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ಸಮಾಧಾನ ಮಾಡುವುದು ತನಗೆ ಬರುತ್ತದೆ, ಎಂದುಕೊಂಡಳು ಇವಳು.

"ಬೇಕಂತಲೇ ಬರಲಿಲ್ಲ, ಅಲ್ವಾ?"

"ಹೌದು."

"ಕರುಗೆ ಏನೂ ಆಗಿರ್ಲಿಲ್ಲ."

"ಇಲ್ಲ."

"ಮತ್ತೆ ಯಾಕೆ ಬಂದೆ? ಹಾಗೇ ಬಿಟ್ಟಿದ್ರೆ ಆಗ್ತಿತ್ತಲ್ಲ. ಆಮೇಲೆ ಇನ್ನೂ ಚೆನ್ನಾಗಿ ಬೀಳ್ತಿದ್ದೆ ನಾನು."

"ಅದೂ ಯೋಚನೆ ಮಾಡಿದೆ," ಎಂದಳು ಇವಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿ ಬೆಚ್ಚಿದಳು. ತಂಗಿ ತಲೆಯೆತ್ತಿ ನೋಡಿದಳು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. ಗಾಜಿನಾಚೆ ಅತ್ತೆ ತೊಟ್ಟಿಯ ತಳ ನೆಕ್ಕುತ್ತಿರುವುದನ್ನು ನೋಡುತ್ತ ಬೇರೆಯೇ ದನಿಯಲ್ಲಿ ಹೇಳಿದಳು:

"ಒಂದಿನ ನಿನ್ನ ಕೋಟು ಹಾಕ್ಕೊಂಡು ಬಂದಿದ್ದೆ. ಗೊತ್ತಾ? ಕೊಕ್ಕೆಗೆ ನೇತುಹಾಕಿ ಹೋಗಿದ್ದೆ ನೀನು. ಅದನ್ನ ಹಾಕ್ಕೊಂಡು, ನಿನ್ನ ಥರಾನೇ ಕೂದಲು ಎತ್ತಿಕಟ್ಟಿ, ಇದರ ಮುಂದೆ ನಿಂತೆ. ಮೂಸಿ ನೋಡ್ತು. ಆಮೇಲೆ ಹೀಗೆ ನೋಡ್ತು." ತಂಗಿ ಅತ್ತೆಯ ಹಾಗೆ ಮೂತಿ ತಿರುಗಿಸಿ ತೋರಿಸಿದಳು. "ಇಷ್ಟೆಲ್ಲ ಓದಿ, ಒಂದು ಹಸು ಕೈಲಿ ಮರ್ಯಾದೆ ಕಳ್ಕೊಂಡೆ."

ಇವಳಿಗೆ ನಗು ಬಂತು. ನಗುವಿನ ಹಿಂದೆಯೇ ಇನ್ನೇನೋ ಬಂತು: ತಂಗಿ ತನ್ನ ಕೋಟು ಹಾಕಿಕೊಂಡಿದ್ದಳು, ತನ್ನ ಹಾಗೆ ಕೂದಲು ಕಟ್ಟಿದ್ದಳು, ಅಕ್ಕನಾಗಲು ಹೋಗಿ ಸೋತಿದ್ದಳು. ಎಂಥ ಸಂತೋಷವಾಯಿತೆಂದರೆ ಅವಳಿಗೆ ಭಯವಾಯಿತು. ಇವತ್ತು ಇಷ್ಟೆಲ್ಲ ಆದ ಮೇಲೂ, ಈ ಕ್ಷಣದಲ್ಲೂ, ಒಳಗಿನ ಆ ಪ್ರಾಣಿ ಬಾಯಿ ತೆರೆದು ತನ್ನ ತುತ್ತನ್ನು ತೆಗೆದುಕೊಂಡಿತ್ತು. ಅದು ಸಾಯುವುದಿಲ್ಲ. ಅದನ್ನು ಇಟ್ಟುಕೊಂಡೇ ಬದುಕಬೇಕು ಎಂಬುದು ಅವಳಿಗೆ ಯಾವ ನಾಟಕವೂ ಇಲ್ಲದೆ, ತನ್ನ ಕಾಲಿನ ಅಳತೆ ತಿಳಿಯುವ ಹಾಗೆ ತಿಳಿಯಿತು.

"ನಾಳೆ ಮತ್ತೆ ಅಳೀಬೇಕು," ಎಂದಳು ತಂಗಿ.

"ಬರ್ತೀನಿ. ಬೆಳಿಗ್ಗೇನೇ ಬಂದು ನಿಂತ್ಕೋತೀನಿ."

"ಬೇಡ." ತಂಗಿ ಎದ್ದು ಬಟ್ಟೆಗೆ ಹತ್ತಿದ ಪುಡಿ ಕೊಡವಿಕೊಂಡಳು. "ಸಿಟ್ಟಿಗೆ ಹೇಳ್ತಿಲ್ಲ. ಸಿಟ್ಟಿದೆ, ಅದು ಬೇರೆ. ಒಕ್ಕೂಟದ ಊರುಗಳಲ್ಲಿರೋ ಹಸುಗಳ ಮುಂದೆಲ್ಲ ನೀನು ಹೋಗಿ ನಿಲ್ಲೋಕಾಗುತ್ತಾ? ನೀನಿದ್ರೆ ಮಾತ್ರ ತಿನ್ನೋ ಮೇವು ಮೇವಲ್ಲ ಅಕ್ಕ. ನಾನೇ ಇದನ್ನ ಮೊದಲು ಯೋಚನೆ ಮಾಡಬೇಕಿತ್ತು."

ಮಾತು ಸರಿಯಾಗಿತ್ತು. ಸರಿಯಾಗಿದ್ದುದರಿಂದಲೇ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಈ ಕೇಂದ್ರದಲ್ಲಿ ಅವಳದೇ ಅನ್ನುವಂಥದ್ದು ಉಳಿದಿದ್ದುದು ಅದೊಂದೇ, ಗಾಜಿನಾಚೆ ನಿಲ್ಲುವ ಜಾಗ, ಅದನ್ನೂ ಬಿಡಬೇಕು. ಹೂಂ ಎಂದಳು. ಆಮೇಲೆ ಗಾಜಿನ ಕೋಣೆಯ ಬಾಗಿಲ ಹಿಡಿಗಳನ್ನು ಒಂದೊಂದಾಗಿ ತಿರುಗಿಸಿ ತೆರೆದಳು.

"ಬಾ," ಎಂದಳು.

ಬಿಸಿ ಉಸಿರಿನ ಗಾಳಿ ಇಬ್ಬರ ಮುಖಕ್ಕೂ ಬಡಿಯಿತು. ಅವಳು ಪಕ್ಕದಲ್ಲಿದ್ದ ಉಂಡೆಯ ಚೀಲದಿಂದ ಒಂದು ಹಿಡಿ ತೆಗೆದು ತಂಗಿಯ ಅಂಗೈಗೆ ಸುರಿದಳು. "ಎದುರಿಗೆ ನಿಲ್ಲಬೇಡ, ಅದಕ್ಕೆ ಆಗಲ್ಲ. ಪಕ್ಕಕ್ಕೆ ಬಾ. ಕಿವಿ ಹಿಂದೆ ಅಲ್ಲ, ಇಲ್ಲಿ, ಕತ್ತಿನ ಕೆಳಗೆ ಈ ಸಡಿಲ ಚರ್ಮ ಇದೆಯಲ್ಲ, ಇದನ್ನ ಮೆಲ್ಲಗೆ ತಿಕ್ಕು. ಅದರ ಮುಖ ನೋಡಬೇಡ. ಬೇರೆ ಏನೋ ಯೋಚನೆ ಮಾಡ್ತಿರೋ ಥರ ನಿಂತ್ಕೋ." ತಂಗಿಯ ಕೈ ಹಿಡಿದು ಆ ಜಾಗದ ಮೇಲೆ ಇಟ್ಟಳು. ಅತ್ತೆ ತಂಗಿಯ ಅಂಗೈ ಮೂಸಿತು, ಮೂತಿ ತಿರುಗಿಸಿತು, ಇವಳ ಕಡೆ ನೋಡಿತು. ಇವಳು ಕಣ್ಣು ತಪ್ಪಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಬೆನ್ನು ತಿರುಗಿಸಿ ನಿಂತಳು. ಮೂಸುವ ಸದ್ದು ಮತ್ತೊಮ್ಮೆ ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒರಟು ನಾಲಿಗೆ ಅಂಗೈಯನ್ನು ಒರೆಸಿದ ಸದ್ದು, ಅದರ ಹಿಂದೆಯೇ ತಂಗಿಯ ಉಸಿರು, "ಅಕ್ಕಾ" ಎಂಬ ಪಿಸುಮಾತು, "ಅಕ್ಕಾ, ತಿಂತಿದೆ."

ಪಕ್ಕೆಲುಬಿನ ಕೆಳಗೆ ಅದು ಎದ್ದಿತು, ಬೆಂಕಿಯ ಹಾಗೆ, ಬೆಳಿಗ್ಗೆಗಿಂತ ಜೋರಾಗಿ. ಅವಳು ಕಣ್ಣು ಮುಚ್ಚಿ ಅದು ಏಳುವಷ್ಟು ಏಳಲಿ ಎಂದು ಬಿಟ್ಟಳು. ಆಮೇಲೆ ಹಿಂದಕ್ಕೆ ತಿರುಗದೆ, ಕೈಯನ್ನು ಮಾತ್ರ ಚೀಲದೊಳಗೆ ಹಾಕಿ, ಇನ್ನೊಂದು ಹಿಡಿ ಉಂಡೆ ತೆಗೆದು ತಂಗಿಯ ಕಡೆ ಚಾಚಿದಳು.